ಮುಂದುಗಡೆ ಕೂತವ್ಳೆ

ಗುರುವಾರ ಬಂತೆಂದರೆ ಮರಿಯಯ್ಯ ಎರಡು ಸುಳ್ಳು ಹೇಳಬೇಕಾಗುತ್ತಿತ್ತು. ಒಂದು ಬಾಬು ಜಾನ್‌ಗೆ, ಮದ್ದೂರು ಬಸ್ ಸ್ಟ್ಯಾಂಡಿಗೆ ಅಂಟಿಕೊಂಡ ಸೈಕಲ್ ಸ್ಟ್ಯಾಂಡಿನಲ್ಲಿ. ಇನ್ನೊಂದು ಕಂಡಕ್ಟರ್ ಶಾಲಿನಿಗೆ, ಮಂಡ್ಯದ ಬಸ್ಸಿನಲ್ಲಿ. ಮೊದಲನೆಯದು ಸಲೀಸು. "ಪಿಂಚಣಿ ಕೆಲ್ಸ ಅದೆ, ಮಂಡ್ಯಕ್ಕೆ ಓಗ್ ಬತ್ತೀನಿ" ಎಂದರೆ ಬಾಬು ಜಾನ್ "ಓಗ್ ಬಾ ಮರಿಯಣ್ಣ, ನಾನ್ ನೋಡ್ಕೋತೀನಿ" ಅನ್ನುತ್ತಿದ್ದ. ಯಾವ ಪಿಂಚಣಿ, ಯಾವ ಆಫೀಸು ಎಂದು ಕೇಳುತ್ತಿರಲಿಲ್ಲ. ಸ್ಟ್ಯಾಂಡಿನ ಟೆಂಡರು ಅವನದು, ಮರಿಯಯ್ಯ ಅವನ ಕೈಕೆಳಗೆ ಚೀಟಿ ಹರಿಯುವವನು. ಕೇಳುವ ಹಕ್ಕು ಇದ್ದೇ ಇತ್ತು. ಆದರೆ ಹೆಂಡತಿಯನ್ನು ಮಣ್ಣು ಮಾಡಿ ಮೂರು ತಿಂಗಳಾಗದ ಗಂಡಸು ವಾರಕ್ಕೊಂದು ಬೆಳಿಗ್ಗೆ ಎಲ್ಲಾದರೂ ಅಲೆದು ಬರಲಿ ಎಂದು ಬಿಟ್ಟಿದ್ದನೇನೋ. ಎರಡನೆಯ ಸುಳ್ಳಿಗೆ ಇನ್ನೂ ಕಡಿಮೆ ಮಾತು ಸಾಕು: "ಮುಂದುಗಡೆ ಕೂತವ್ಳೆ." ತೊಂದರೆಯೆಂದರೆ, ಹಾಗೆಂದ ಮೇಲೆ ಮಂಡ್ಯ ಬರುವ ತನಕ ಅದು ಸುಳ್ಳು ಅನ್ನಿಸುತ್ತಿರಲಿಲ್ಲ.

ಈವತ್ತು ಹೊರಡುವ ಹೊತ್ತಿಗೇ ಸ್ಟ್ಯಾಂಡಿನಲ್ಲಿ ಗಲಾಟೆ. ಹೊಸ ಟೆಂಡರಿನ ಜೊತೆ ಪಾರ್ಕಿಂಗ್ ದರವೂ ಏರಿ, ಗೇಟಿನ ಬೋರ್ಡಿಗೆ ಹೊಸ ಬಣ್ಣ ಬಿದ್ದಿತ್ತು. ದರ ಕಟ್ಟಿದವನು ಹೆಸರಿಗೆ ಬಾಬು ಜಾನ್ ಆದರೂ ಬುದ್ಧಿ ಮರಿಯಯ್ಯನದು. "ಎರಡು ದಿನ ಬೈತಾರೆ, ಮೂರನೇ ದಿನ ಅವರೇ ಚಿಲ್ರೆ ಇಡ್ಕೊಂಡ್ ಬತ್ತಾರೆ, ಏರ್ಸು" ಎಂದು ಹೇಳಿಕೊಟ್ಟವನು ಅವನೇ. ಮಧ್ಯಾಹ್ನ ದಾಟಿದರೆ ಪೂರ್ತಿ ದಿನದ ದುಡ್ಡು ಎಂಬುದೂ ಅವನದೇ ಕಾನೂನು. ಕೆಸ್ತೂರಿನ ಕಡೆಯವನಿರಬೇಕು, ನಡುವಯಸ್ಸಿನವನೊಬ್ಬ ತಾಯಿಯನ್ನು ಹಿಂದೆ ಕೂರಿಸಿಕೊಂಡು ಬಂದು ಗಾಡಿ ನಿಲ್ಲಿಸಿ, "ಆಸ್ಪತ್ರೆಗೆ ಓಯ್ತಾ ಇದೀವಿ ಕಣಣ್ಣ, ಅಳೇ ರೇಟೇ ತಕ್ಕೊ" ಎಂದು ಹಲ್ಲು ಗಿಂಜಿದ. "ಗಾಡಿ ನಿಂತ್ಕೊಳೋ ಜಾಗಕ್ಕೆ ಆಸ್ಪತ್ರೆನೂ ಒಂದೇ ಮದ್ವೆನೂ ಒಂದೇ" ಎಂದ ಮರಿಯಯ್ಯ. ಇದು ಅವನು ವರ್ಷಗಳಿಂದ ಹೇಳುತ್ತ ಬಂದ ಮಾತು, ಕೇಳಿದವರು ನಕ್ಕು ದುಡ್ಡು ಕೊಡುತ್ತಿದ್ದರು. ಇವನು ನಗಲಿಲ್ಲ. ಜೇಬು ತಡಕಿ ಕೊಟ್ಟ. ಚೀಟಿ ಹರಿದು ಹ್ಯಾಂಡಲಿಗೆ ಸಿಕ್ಕಿಸುವಾಗ ಮರಿಯಯ್ಯನ ಕಣ್ಣು ಆ ಮುದುಕಿಯ ತೋಳಿನ ಮೇಲೆ ಬಿತ್ತು. ಮೊಣಕೈ ಕೆಳಗೆ ನರ ಹುರಿಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಅದು ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ನರ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿ ಜಯಲಕ್ಷ್ಮಮ್ಮನ ತೋಳಿನಲ್ಲೂ ಅದು ಹಾಗೇ ಇತ್ತು, ಕಿವಿಯಿಟ್ಟರೆ ಒಳಗೆ ಝುಂ ಅನ್ನುವುದು ಕೇಳುತ್ತದೆ ಎಂದು ಅವಳು ಹೇಳಿದ್ದಳು, ಅವನು ಕಿವಿಯಿಟ್ಟು ನೋಡಿರಲಿಲ್ಲ. ದುಡ್ಡು ವಾಪಸು ಕೊಡಬೇಕು ಅನ್ನಿಸಿತು. ಕೈಗೆ ಬಂದದ್ದನ್ನು ಹಿಂದಕ್ಕೆ ಕೊಡುವುದು ಹೇಗೆಂದು ಅವನಿಗೆ ರೂಢಿಯಿರಲಿಲ್ಲ. ಅಷ್ಟರಲ್ಲಿ ತಾಯಿ ಮಗ ರಸ್ತೆ ದಾಟಿಬಿಟ್ಟಿದ್ದರು.

"ಏನ್ ಮರಿಯಣ್ಣ, ಮಾರೆ ಸಪ್ಪಗಾಯ್ತು?" ಎಂದ ಬಾಬು ಜಾನ್. "ಏನಿಲ್ಲ ಬುಡು" ಎಂದು ಮರಿಯಯ್ಯ ಕೈಚೀಲ ಎತ್ತಿಕೊಂಡ. ಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕನಕಾಂಬರ. ಬೆಳಿಗ್ಗೆ ಎದ್ದವನೇ ಹಿತ್ತಿಲಿನಲ್ಲಿ ಹೂ ಬಿಡಿಸಿ, ಬಾಗಿಲು ಮುಂದಕ್ಕೆ ಹಾಕಿಕೊಂಡು, ಕಾಲಿನ ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿ ಕಟ್ಟಿದ್ದು. ಬಾಗಿಲು ಹಾಕಿಕೊಳ್ಳದೆ ಕಟ್ಟುವುದುಂಟೆ? ಅರವತ್ತು ದಾಟಿದ, ಮೀಸೆ ಬಿಟ್ಟ, ಇಡೀ ಮದ್ದೂರಿನ ಗಾಡಿಯವರ ಹತ್ತಿರ ಜಗಳಗಂಟ ಅನ್ನಿಸಿಕೊಂಡ ಗಂಡಸು ಹೂ ಕಟ್ಟುತ್ತಾನೆ ಎಂದು ಬೀದಿಗೆ ಗೊತ್ತಾದರೆ ಸತ್ತಂತೆ. ಜಯಮ್ಮ ಕಟ್ಟುವಾಗ ಅವಳ ಕೈ ತನ್ನ ಪಾಡಿಗೆ ಓಡಾಡುತ್ತಿತ್ತು, ಬಾಯಿ ಬೇರೆಯವರ ಮನೆಯ ಸುದ್ದಿ ಹೇಳುತ್ತಿತ್ತು, ನಡುವೆ ಒಲೆಯ ಮೇಲಿನ ಹಾಲಿನ ಕಡೆಗೂ ಕಣ್ಣು. ಇವನಿಗೆ ಎರಡು ಹೂ ಎದುರುಬದುರು ಇಟ್ಟು ಗಂಟು ಬಿಗಿಯುವಷ್ಟರಲ್ಲಿ ಒಂದು ನೆಲಕ್ಕೆ ಬಿದ್ದಿರುತ್ತದೆ. ಬಿಗಿದರೆ ತೊಟ್ಟು ಮುರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಕಿರುಗಾವಲಿಗೆ ಕೊಟ್ಟ ಮಗಳು ರೂಪ ತಿಥಿಗೆ ಬಂದವಳು ವಾಪಸು ಹೋಗುವಾಗ, "ಗಿಡಕ್ಕೆ ನೀರಾಕೋದ ಮರೀಬ್ಯಾಡ ಅಪ್ಪಾ" ಎಂದಿದ್ದಳು. ಹೂವನ್ನು ಏನು ಮಾಡಬೇಕೆಂದು ಹೇಳಿರಲಿಲ್ಲ.

ಬಸ್ಸು ಬಂತು. ಹೆಂಗಸರಿಗೆ ಬಿಟ್ಟಿ ಆದಾಗಿನಿಂದ ಈ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡು ಬಾಗಿಲಿನ ಬಸ್ಸು. ಮುಂದಿನ ಬಾಗಿಲಲ್ಲಿ ಸೀರೆ, ಬುಟ್ಟಿ, ಬುರ್ಖಾ, ಕಾಲೇಜು ಬ್ಯಾಗು ಎಲ್ಲ ಒಂದರ ಮೇಲೊಂದು ಹತ್ತುತ್ತವೆ, ಹಿಂದಿನ ಬಾಗಿಲಲ್ಲಿ ದುಡ್ಡು ಕೊಡುವ ಗಂಡಸರು ಗೊಣಗುತ್ತ ಹತ್ತುತ್ತಾರೆ. ಮರಿಯಯ್ಯ ಹಿಂದಿನಿಂದ ಹತ್ತಿ, ಕಂಬಿ ಹಿಡಿದು, ಮುಂದಿನ ತಲೆಗಳ ಕಡೆ ನೋಡಿದ. ಇಷ್ಟು ದೂರದಿಂದ ಹಿಂದಲೆಗಳೆಲ್ಲ ಒಂದೇ. ನೆರೆತ ಕೂದಲಿನ ಸಣ್ಣ ತುರುಬೊಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಬಸ್ಸಿನ ಕುಲುಕಾಟಕ್ಕೆ ಅಲ್ಲಾಡುತ್ತಿತ್ತು. ಅದು ತಿರುಗದಿರಲಿ ಎಂದುಕೊಂಡ. ಅವಳಿದ್ದಾಗಲೂ ಇದೇ ಲೆಕ್ಕಾಚಾರ: ಅವಳು ಮುಂದೆ, ಇವನು ಹಿಂದೆ. ಮದುವೆಯಾದ ಇಷ್ಟು ವರ್ಷದಲ್ಲಿ ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತದ್ದೇ ಇಲ್ಲ. ಗಂಡ ಹೆಂಡತಿ ಪಕ್ಕಪಕ್ಕ ಕೂರುವುದು ಪ್ಯಾಟೆಯವರ ಚಾಳಿ ಅನ್ನುತ್ತಿದ್ದ. ಇಳಿಯುವಾಗ ಅವಳು ಮುಂದೆ ಇಳಿದು ಕಾಯುತ್ತಿದ್ದಳು, ಇವನು ಹಿಂದಿನಿಂದ ಇಳಿದವನು ಅವಳನ್ನು ದಾಟಿಕೊಂಡು ನಡೆದುಬಿಡುತ್ತಿದ್ದ, ಹಿಂದೆ ಬರುತ್ತಾಳೆ ಎಂದು ಗೊತ್ತಿತ್ತಲ್ಲ.

ಜಯಮ್ಮನ ಕಿಡ್ನಿ ಕೆಟ್ಟಿತ್ತು, ಮಂಡ್ಯದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ. ಬಸ್ಸು ಅವಳಿಗೆ ಪುಕ್ಕಟೆ. ಇಡೀ ಕಾಯಿಲೆಯಲ್ಲಿ ಕೈಯಿಂದ ಬಿಚ್ಚಬೇಕಾದದ್ದು ಅಂದರೆ ಅವನೊಬ್ಬನ ಬಸ್ ಚಾರ್ಜು. ಮೊದಲ ಕೆಲವು ಸಲ ಜೊತೆಗೆ ಹೋದ. ಅಲ್ಲಿ ಅವಳನ್ನು ಒಳಗೆ ಮಲಗಿಸಿಕೊಂಡು ಬಾಗಿಲು ಹಾಕುತ್ತಿದ್ದರು, ಇವನು ಹೊರಗಿನ ಬೆಂಚಿನಲ್ಲಿ ಬೇರೆ ಗಂಡಂದಿರ ಜೊತೆ ಆಕಳಿಸುತ್ತ ಕೂರಬೇಕು, ಈಚೆ ಸ್ಟ್ಯಾಂಡಿನ ಕೂಲಿ ಬೇರೆ ಹೋಗುತ್ತದೆ. ಒಂದು ದಿನ ಹೊರಡುವ ಹೊತ್ತಿಗೆ ಅಂದುಬಿಟ್ಟ: "ನಿಂಗೇನೋ ಗೌರ್ಮೆಂಟು ಬಿಟ್ಟಿ ಬುಟ್ಟದೆ. ನಾನ್ ಬಂದ್ರೆ ನನ್ ಚಾರ್ಜು ದಂಡ. ನಾನೇನ್ ಅಲ್ಲಿ ಮಿಸೀನ್ ತಿರುಗುಸ್ಬೇಕಾ?" ಜಯಮ್ಮ ಚಪ್ಪಲಿ ಮೆಟ್ಟುತ್ತಿದ್ದವಳು ತಲೆಯೆತ್ತದೆ, "ಬ್ಯಾಡ ಬುಡು, ನಂಗೇನು ದಾರಿ ಗೊತ್ತಿಲ್ವಾ?" ಎಂದಳು. ಅಷ್ಟೇ. ಅದರಲ್ಲಿ ಕೋಪವಿತ್ತೇ, ಬೇಜಾರಿತ್ತೇ ಎಂದು ಈಗ ದಿನಕ್ಕೆ ಎಷ್ಟೋ ಸಲ ಆ ಮಾತನ್ನು ಕಿವಿಯಲ್ಲಿ ತಿರುಗಿಸಿ ನೋಡುತ್ತಾನೆ. ಇರಲಿಲ್ಲ. ಸುಮ್ಮನೆ ಒಪ್ಪಿಕೊಂಡಿದ್ದಳು, ಅವನ ಜುಗ್ಗತನವನ್ನು ಅವನ ಮೀಸೆಯಷ್ಟೇ ಸಹಜವಾಗಿ ಒಪ್ಪಿಕೊಂಡವಳು. ಅವಳ ಪ್ರಯಾಣಕ್ಕೆ ಸೊನ್ನೆ ಎಂದು ಯಾರೋ ಎಲ್ಲೋ ಕೂತು ದರ ಕಟ್ಟಿದರು. ಅವಳ ಜೊತೆಗೆ ಹೋಗುವುದು ಅಷ್ಟು ದುಡ್ಡು ಬಾಳುವುದಿಲ್ಲ ಎಂದು ಕಟ್ಟಿದವನು ತಾನೇ. ಬಸ್ಸು ಬಿಟ್ಟಿಯಾಗದೆ ಇದ್ದಿದ್ದರೆ, ಇಬ್ಬರಿಗೂ ದುಡ್ಡು ಕೊಡಬೇಕಾಗಿದ್ದರೆ, ಬಾಯಿ ಬಡಿದುಕೊಂಡಾದರೂ ಹೋಗುತ್ತಿದ್ದೆನೇನೋ ಎಂದು ಕೆಲವು ಸಲ ಸರ್ಕಾರದ ಮೇಲೇ ಸಿಟ್ಟು ಬರುತ್ತಿತ್ತು. ಕುಣಿಯಲಾರದವನು ನೆಲ ಡೊಂಕು ಅಂದ ಹಾಗೆ, ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಹೀಗೆ ಪ್ರತಿ ಗುರುವಾರ ಒಬ್ಬಳೇ ಓಡಾಡಿದಳು, ಒಂದು ಮಳೆಗಾಲ ಪೂರ್ತಿ. ಆ ಓಡಾಟದಲ್ಲೇ ಅವಳಿಗೆ ಶಾಲಿನಿಯ ಸ್ನೇಹವಾದದ್ದು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಜಯಮ್ಮ ಕಿಟಕಿಯಿಂದ ಹೂ ಕೊಡುವುದು, ಶಾಲಿನಿ ಇವಳಿಗೆ ಸೀಟು ಹಿಡಿದಿಡುವುದು. ಒಂದು ದಿನ ಡಯಾಲಿಸಿಸ್ ಮುಗಿಸಿ ಬರುವಾಗ ಜಯಮ್ಮ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದಳು. ಶಾಲಿನಿಯೇ ಎತ್ತಿಸಿ, ನೀರು ಕುಡಿಸಿ, ಬಸ್ಸಿನ ಉದ್ದ ಸೀಟಿನಲ್ಲಿ ಮಲಗಿಸಿಕೊಂಡು ಮದ್ದೂರಿಗೆ ತಂದು, ಸೈಕಲ್ ಸ್ಟ್ಯಾಂಡಿನ ಗೇಟಿಗೆ ಬಂದು, "ಮರಿಯಯ್ಯ ಅಂದ್ರೆ ಯಾರು?" ಎಂದು ಕೂಗಿದಳು. ಗಾಡಿಯವರೆಲ್ಲ ತಿರುಗಿ ನೋಡಿದರು. ಓಡಿಹೋಗಿ ಬಸ್ಸು ಹತ್ತಿದ ಮರಿಯಯ್ಯ, ಮಲಗಿದ್ದ ಹೆಂಡತಿಯ ಮುಖ ನೋಡಿ ಮೊದಲು ಆಡಿದ ಮಾತು: "ಆಟೋಗೀಟೋ ಅಂತ ದುಡ್ಡೇನಾದ್ರೂ ಕಳ್ದಾ?" ಆ ಮಾತು ಯಾಕೆ ಬಂತೋ. ಓಡಿ ಬಂದ ಏದುಸಿರಿನಲ್ಲಿ ಬಾಯಿಗೆ ಸಿಕ್ಕಿದ್ದು ಅದೊಂದೇ. ಜಯಮ್ಮ ಇಲ್ಲ ಎಂದು ತಲೆಯಾಡಿಸಿದಳು. ಶಾಲಿನಿ ಮಾತ್ರ ಬಿಡಲಿಲ್ಲ. "ಯಜಮಾನ್ರೇ, ಇನ್ನೊಂದ್ ಸಲ ಇವರ್ನ ಒಬ್ರೇ ಕಳ್ಸುದ್ರೆ ನಾನ್ ಬಸ್ಸಿಗೇ ಅತ್ತುಸ್ಕೊಳಲ್ಲ. ನಿಮ್ ಚಾರ್ಜು ಬೇಕಾದ್ರೆ ನಾನೇ ಆಕ್ತೀನಿ" ಎಂದು ಅಷ್ಟು ಜನರ ಎದುರಿಗೆ ಅಂದಳು.

ಆಮೇಲೆ ಹೋದ. ಅವಳು ಸಾಯುವ ತನಕದ ಕೆಲವೇ ವಾರ. ಇವನು ಹಿಂದೆ ನಿಂತು "ಎರಡು ಮಂಡ್ಯ, ಒಂದು ಫ್ರೀ" ಅನ್ನುವುದು, ಶಾಲಿನಿ "ಅಮ್ಮ ಎಲ್ಲಿ?" ಅನ್ನುವುದು, ಇವನು ಗದ್ದ ಎತ್ತಿ "ಮುಂದುಗಡೆ ಕೂತವ್ಳೆ" ಅನ್ನುವುದು. ನಿಯಮದ ಪ್ರಕಾರ ಹೆಂಗಸನ್ನೂ ಅವಳ ಆಧಾರ್ ಕಾರ್ಡನ್ನೂ ಕಣ್ಣಲ್ಲಿ ಕಂಡು ಫ್ರೀ ಟಿಕೆಟ್ ಕೊಡಬೇಕು. ಆದರೆ ಈ ನೂಕುನುಗ್ಗಲಿನಲ್ಲಿ ಮುಂದೆ ಕೂತ ಹೆಂಡತಿಯದನ್ನು ಹಿಂದೆ ನಿಂತ ಗಂಡ ತೆಗೆದುಕೊಳ್ಳುವುದು ಈ ದಾರಿಯ ಎಲ್ಲ ಬಸ್ಸಿನ ಪದ್ಧತಿ. ಗಂಡ ಅಂದ ಮೇಲೆ ಮುಗಿಯಿತು, ಹೆಂಡತಿ ಎಲ್ಲೋ ಇದ್ದೇ ಇರುತ್ತಾಳೆ. ಅವಳು ಸತ್ತು ಹನ್ನೊಂದನೇ ದಿನದ ತಿಥಿ ಕಳೆದ ಮೇಲಿನ ಗುರುವಾರ, ಆಸ್ಪತ್ರೆಯಲ್ಲಿ ಉಳಿದಿದ್ದ ಅವಳ ಕಾರ್ಡು, ಹೊದಿಕೆ ತರಲೆಂದು ಬಸ್ಸು ಹತ್ತಿದ್ದ. ಶಾಲಿನಿ ಗುಂಪಿನ ನಡುವಿನಿಂದ ಕತ್ತು ಉದ್ದ ಮಾಡಿ, "ಬಂದ್ರಾ ಯಜಮಾನ್ರೇ? ಎರಡು ವಾರ ಕಾಣ್ಲೇ ಇಲ್ಲ! ಅಮ್ಮ ಎಲ್ಲಿ?" ಎಂದಳು. ಹೇಳಬೇಕೆಂದೇ ಬಾಯಿ ತೆರೆದ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು. ಸತ್ತ ಸುದ್ದಿ ಗೊತ್ತಿಲ್ಲದ ಒಂದು ಮುಖವನ್ನು ಅವನು ನೋಡಿ ಹದಿನೈದು ದಿನವಾಗಿತ್ತು. ಆ ಮುಖದೊಳಗೆ ಜಯಮ್ಮ ಇನ್ನೂ ಇದ್ದಳು. "ಮುಂದುಗಡೆ ಕೂತವ್ಳೆ" ಎಂದ. ಮಿಷನ್ನು ಕಿರ್ ಎಂದು ಸೊನ್ನೆ ರೂಪಾಯಿಯ ಚೀಟಿ ಬಿಟ್ಟಿತು. ಶಾಲಿನಿ ಅಲ್ಲಿಂದಲೇ, "ಅಮ್ಮಾ, ಉಸಾರಾಗಿದೀರಾ?" ಎಂದು ಕೂಗಿದಳು, ಮುಂದಿನ ಯಾವುದೋ ಸೀಟಿನ ಯಾರೋ ಹೆಂಗಸು ತನಗೇ ಅಂದರೆಂದು ತಿಳಿದು ಕೈಯೆತ್ತಿ ಆಡಿಸಿದಳು. ಆ ಕೈ ನೋಡಿ ಮರಿಯಯ್ಯನ ಕಣ್ಣು ತುಂಬಿಕೊಂಡಿತು. ಯಾರಿಗೆ ಏನು ನಷ್ಟ? ಸೊನ್ನೆ ರೂಪಾಯಿಯ ವಸ್ತು. ಅವಳು ಬದುಕಿದ್ದಾಗ ಉಳಿಸಿಕೊಂಡ ತನ್ನ ಚಾರ್ಜನ್ನು ಈಗ ವಾರವಾರವೂ ಕೊಡುತ್ತಿದ್ದ. ಮಂಡ್ಯದಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಒಂದಿಷ್ಟು ಹೊತ್ತು ಕೂತು, ಇನ್ನೊಂದು ಬಸ್ಸಿಗೆ ವಾಪಸಾಗುತ್ತಿದ್ದ.

"ಯಜಮಾನ್ರೇ, ತಕ್ಕೊಳಿ." ಶಾಲಿನಿ ಜನರನ್ನು ಸೀಳಿಕೊಂಡು ಹತ್ತಿರ ಬಂದಿದ್ದಳು. ಅವನು ಏನೂ ಹೇಳುವ ಮೊದಲೇ ಎರಡು ಚೀಟಿ ಬಂದವು, ಒಂದು ದುಡ್ಡಿನದು, ಒಂದು ಸೊನ್ನೆಯದು. ಈಗೀಗ ಶಾಲಿನಿ ಅಮ್ಮ ಎಲ್ಲಿ ಎಂದೂ ಕೇಳುವುದಿಲ್ಲ, ಈ ನೂಕುನುಗ್ಗಲಿನಲ್ಲಿ ಮುಂದೆ ಹೋದಾಗಲೂ ಒಂದೊಂದು ಮುಖ ಹುಡುಕುವಷ್ಟು ಪುರುಸೊತ್ತು ಅವಳಿಗಿಲ್ಲ. ಮರಿಯಯ್ಯ ಚೀಲದಿಂದ ಹೂ ತೆಗೆದು ಕೊಟ್ಟ. ಅವಳು ಟಿಕೆಟ್ ಮಿಷನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಲ್ಲೇ ಮುಡಿದುಕೊಂಡು, ಬೆರಳಲ್ಲಿ ಮುಟ್ಟಿ ನೋಡಿದಳು. "ಯಾಕೆ ಈಚೀಚೆಗೆ ಅಮ್ಮನ ಕಟ್ಟು ಇಷ್ಟು ಸಡಿಲ? ಕೈಲಿ ಸಕ್ತಿ ಇಲ್ವಾ?"

"ಹೂಂ, ಕೈ ನಡುಗ್ತದೆ" ಎಂದ. ಅದು ಸುಳ್ಳಲ್ಲ.

"ಕಟ್ಬೇಡಿ ಅಂತ ಏಳಿ ಪಾಪ. ನನ್ ಮಗ್ಳಿಗೆ ಮತ್ತೆ ಜ್ವರ ಕಣ್ರೀ. ರಾತ್ರಿಯೆಲ್ಲ ಮಲಗಿಲ್ಲ."

"ಏಳ್ತಿದ್ಲು ಜಯಮ್ಮ, ಆ ಮಗೀಗೆ ಉಸಾರಾಯ್ತೋ ಇಲ್ವೋ ಕೇಳು ಅಂತ. ಅಮೃತಬಳ್ಳಿ ಕಸಾಯ ಬೆಲ್ಲ ಆಕಿ ಕುಡ್ಸು ಅಂದ್ಲು." ಇಷ್ಟು ಸರಾಗವಾಗಿ ಬಂತು. ಅವಳ ಹೆಸರು ಮುಂದಿಟ್ಟುಕೊಂಡರೆ ಅವನಿಗೆ ಎಂತೆಂಥ ಮಾತೆಲ್ಲ ಬರುತ್ತಿದ್ದವು. ಶಾಲಿನಿ ನಕ್ಕು, "ಕುಡುಸ್ತೀನಿ ಅನ್ನಿ" ಎಂದು ಮುಂದಿನವನ ಕಡೆ ತಿರುಗಿದಳು.

ಗೆಜ್ಜಲಗೆರೆ ದಾಟಿ ಸ್ವಲ್ಪ ದೂರದಲ್ಲಿ ಬಸ್ಸು ನಿಂತಿತು. ಕೈ ಅಡ್ಡ ಹಿಡಿದು ನಿಲ್ಲಿಸಿದವರು ಚೆಕಿಂಗ್‌ನವರು. ಒಬ್ಬ ಮುಂದಿನ ಬಾಗಿಲಿನಲ್ಲಿ ನಿಂತ, ಅವರ ಸಾಹೇಬ ಮಹದೇವಸ್ವಾಮಿ ಹಿಂದಿನಿಂದ ಹತ್ತಿ ಶಾಲಿನಿಯ ಮಿಷನ್ನು ಇಸಿದುಕೊಂಡ. ಬೆವರು ಒರೆಸಿಕೊಳ್ಳುತ್ತಲೇ ಇದ್ದ ದಪ್ಪ ಮನುಷ್ಯ, ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಹೆಂಗಸರನ್ನು ಎಣಿಸಿದರು, ಫ್ರೀ ಟಿಕೆಟ್ ಎಣಿಸಿದರು, ಮತ್ತೆ ಎಣಿಸಿದರು. ಟಿಕೆಟ್ ಒಂದು ಹೆಚ್ಚಿತ್ತು. "ಏನಮ್ಮಾ ಇದು? ಫ್ರೀ ಲೆಕ್ಕ ಜಾಸ್ತಿ ತೋರಿಸೋಕೆ ಸುಮ್ಮನೆ ಹರಿದು ಹಾಕ್ತೀರಾ? ಮೊನ್ನೆ ಇದಕ್ಕೇ ಒಬ್ಬ ಸಸ್ಪೆಂಡ್ ಆದ, ಗೊತ್ತಲ್ಲ?" ಎಂದ. "ಇಲ್ಲ ಸಾರ್, ಎಲ್ಲಾ ಜನ ನೋಡೇ ಕೊಟ್ಟಿರೋದು" ಎಂದಳು ಶಾಲಿನಿ, ಧೈರ್ಯವಾಗಿ. ಮರಿಯಯ್ಯನ ಎರಡೂ ಚೀಟಿ ಕೈಯಲ್ಲೇ ಇದ್ದವು. ನುಂಗಿಬಿಡಲೇ ಎಂದುಕೊಂಡ. ಒಂದೊಂದೇ ಸಾಲು ನೋಡುತ್ತ ಬಂದ ಮಹದೇವಸ್ವಾಮಿ ಅವನ ಬೆರಳಿನಿಂದ ಚೀಟಿ ಬಿಡಿಸಿಕೊಂಡ.

"ಇದು ಯಾರದು?"

"ನಮ್ ಮನೆಯವ್ರದು."

"ಎಲ್ಲಿದಾರೆ?"

"ಮುಂದುಗಡೆ ಕೂತವ್ಳೆ." ಬಾಯಿ ತಾನೇ ಹೇಳಿತು.

ಸಾಹೇಬ ಮುಂದೆ ಹೋಗಿ, "ಹಿಂದೆ ಬಿಳಿ ಪಂಚೆ ಯಜಮಾನ್ರು ಇದಾರಲ್ಲ, ಅವರ ಮನೆಯವರು ಯಾರಮ್ಮಾ?" ಎಂದು ಕೇಳಿದ. ಹೆಂಗಸರೆಲ್ಲ ತಿರುಗಿ ನೋಡಿದರು. ಡ್ರೈವರ್ ಹಿಂದಿನ ನೆರೆತ ತುರುಬೂ ತಿರುಗಿತು. ಯಾರದೋ ಮುಖ, ಹಲ್ಲುಬ್ಬು, ಮೂಗಿಗೆ ದೊಡ್ಡ ಬೊಟ್ಟು. ಅಷ್ಟು ಮುಖ ಒಟ್ಟಿಗೆ ತನ್ನ ಕಡೆ ತಿರುಗಿ, ಒಂದೂ ಜಯಮ್ಮನದಲ್ಲ ಎಂಬುದು ಮರಿಯಯ್ಯನಿಗೆ ಆಗ ಹೊಸದಾಗಿ ಗೊತ್ತಾಯಿತು. ಮಣ್ಣಿಗಿಟ್ಟ ದಿನವೂ ಅವನಿಗೆ ಹೀಗೆ ಆಗಿರಲಿಲ್ಲ. "ಯಾರೂ ಇಲ್ವಲ್ರೀ" ಎಂದು ಸಾಹೇಬ ವಾಪಸು ಬಂದ. ಮರಿಯಯ್ಯ "ಇಳ್ಕೊಂಡ್ಲು ಅಂತ ಕಾಣ್ತದೆ" ಎಂದು ಗೊಣಗಿದ.

ಆಗ ಶಾಲಿನಿ ನಡುವೆ ಬಂದಳು. ಮರಿಯಯ್ಯನ ಮುಖವನ್ನು ಒಂದು ಸಲ ನೋಡಿದಳು. ಮುದುಕ ಹೆದರಿಕೊಂಡಿದ್ದಾನೆ, ಏನೋ ಗಡಿಬಿಡಿಯಾಗಿದೆ ಎಂದಷ್ಟೇ ಅವಳಿಗೆ ಕಂಡಿರಬೇಕು. "ಸಾರ್, ಅವರು ಡಯಾಲಿಸಿಸ್ ಪೇಷಂಟು. ವಾರವಾರ ಬರೋರು. ವಾಂತಿ ಬಂದು ಗೆಜ್ಜಲಗೆರೇಲಿ ಇಳ್ಕೊಂಡಿರ್ತಾರೆ. ಹತ್ತಿದ್ದು ನಾನೇ ನೋಡ್ದೆ."

"ಕಣ್ಣಾರೆ ನೋಡಿದ್ರಾ?"

"ನೋಡ್ದೆ ಸಾರ್. ಹಸಿರು ಸೀರೆ ಉಟ್ಕೊಂಡಿದ್ರು. ನನ್ ಕಡೆ ತಿರುಗಿ ನಕ್ಕರು."

ಬಸ್ಸಿನ ಗಲಾಟೆಯೆಲ್ಲ ಮರಿಯಯ್ಯನಿಗೆ ದೂರವಾಯಿತು. ಹಸಿರು ಸೀರೆ. ಅವಳಿಗೊಂದು ಹಸಿರು ಸೀರೆ ಇದ್ದದ್ದು ನಿಜ, ರೂಪಳ ಮದುವೆಯಲ್ಲಿ ಬೀಗರು ಕೊಟ್ಟದ್ದು. ಶಾಲಿನಿ ಎಂದೋ ಕಂಡಿದ್ದಳೇನೋ, ಇಲ್ಲ ಬಾಯಿಗೆ ಬಂದ ಬಣ್ಣ ಹೇಳಿದ್ದಳೇನೋ. ತಾನೊಬ್ಬನೇ ಕಟ್ಟಿಕೊಂಡಿದ್ದ ಸುಳ್ಳಿಗೆ ಇನ್ನೊಬ್ಬರು ಸೀರೆ ಉಡಿಸಿದ್ದರು. ಈ ಬೆಳಿಗ್ಗೆ ಅವಳು ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ, ನಕ್ಕದ್ದನ್ನು ಕಂಡವರಿದ್ದಾರೆ. ಒಂದು ಉಸಿರಿನಷ್ಟು ಹೊತ್ತು ಅವನಿಗೆ ಎಷ್ಟು ಸುಖವಾಯಿತೆಂದರೆ, ಹಿಂದಿನ ಕಿಟಕಿಯಿಂದ ಗೆಜ್ಜಲಗೆರೆಯ ಕಡೆ ನೋಡಿಯೇಬಿಟ್ಟ. ಮಹದೇವಸ್ವಾಮಿ ಬ್ಯಾಗಿನಿಂದ ಕಾಗದ ತೆಗೆದು ಪೆನ್ನು ಮುಂದೆ ಹಿಡಿದ. "ಹಾಗಾದ್ರೆ ಬರೆದು ಸಹಿ ಹಾಕಿ. ಹೆಂಗಸನ್ನ ಕಣ್ಣಾರೆ ನೋಡಿ ಕೊಟ್ಟೆ, ದಾರೀಲಿ ಇಳಿದ್ರು ಅಂತ. ನಾನು ಅವರ ಮನೆಗೆ ಹೋಗಿ ವಿಚಾರಿಸ್ತೀನಿ. ಸುಳ್ಳು ಅಂತ ಆದ್ರೆ ಮೆಮೋ ಅಲ್ಲ, ಕೆಲಸಾನೇ ಹೋಗುತ್ತೆ."

"ಹಾಕ್ತೀನಿ ಸಾರ್" ಎಂದು ಶಾಲಿನಿ ಪೆನ್ನು ತೆಗೆದುಕೊಂಡಳು.

"ಬರೀಬ್ಯಾಡ ಕಣವ್ವ." ಮರಿಯಯ್ಯ ಪೆನ್ನಿಗೆ ಕೈ ಅಡ್ಡ ಹಿಡಿದ. "ಅವ್ಳು ಅತ್ತಿಲ್ಲ ಸಾಮಿ. ಓಗ್ಬುಟ್ಲು. ದೀಪಾವಳಿ ಆದ್ಮೇಲೆ. ನಾನೇ ಸುಳ್ಳೇಳಿ ಇಸ್ಕೊಂಡೆ, ಈ ಎಣ್ಮಗೀದು ಏನೂ ತೆಪ್ಪಿಲ್ಲ."

ಮರಿಯಯ್ಯ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ. ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಆಮೇಲೆ ಕಂಬಿಗೆ ಜೋತುಬಿದ್ದಿದ್ದವನೊಬ್ಬ, "ದುಡ್ಡು ಅಂದ್ರೆ ಎಣಾನೂ ಬಾಯ್ಬುಡ್ತದೆ ಅಂತಿದ್ರು, ಈಗ ಬಿಟ್ಟಿ ಬಸ್ಸು ಅಂದ್ರೂ ಬಾಯ್ಬುಡ್ತದೆ ನೋಡ್ಲಾ" ಎಂದು ಪಕ್ಕದವನಿಗೆ ಹೇಳಿದ. ಹಿಂದಿನ ಸೀಟಿನವರು ನಕ್ಕರು. ಮುಂದಿನಿಂದ ಒಬ್ಬಳು ಹೆಂಗಸು, "ಥೂ, ನಿಮ್ ಬಾಯಿಗ್ ಮಣ್ಣಾಕ" ಎಂದು ಅವರನ್ನು ಬೈದಳು. ಮರಿಯಯ್ಯನಿಗೆ ನಗುವೂ ಬೈಗುಳವೂ ಒಂದೇ ಆಗಿ ಮೈಮೇಲೆ ಬಿದ್ದವು. ಮಹದೇವಸ್ವಾಮಿ ಬೆವರು ಒರೆಸಿಕೊಂಡು, "ಅಲ್ರೀ, ಟಿಕೆಟ್ ತಗೊಳ್ದೆ ಇರೋರಿಗೆ ದಂಡ ಹಾಕಬಹುದು. ಒಂದು ಜಾಸ್ತಿ ತಗೊಂಡೋರಿಗೆ ಏನು ಹಾಕೋದು? ಅದಕ್ಕೆ ನಮ್ಮಲ್ಲಿ ರೂಲೇ ಇಲ್ಲ" ಎಂದ. "ಎಷ್ಟಾದ್ರೂ ಆಕಿ ಸಾಮಿ, ಕಟ್ತೀನಿ" ಎಂದು ಮರಿಯಯ್ಯ ಜೇಬಿಗೆ ಕೈ ಹಾಕಿದ. ಜೀವಮಾನದಲ್ಲಿ ಮೊದಲ ಸಲ ದುಡ್ಡು ಬಿಚ್ಚಲು ಕೈ ತವಕಿಸುತ್ತಿತ್ತು, ಅದನ್ನು ತೆಗೆದುಕೊಳ್ಳುವವರೇ ಇರಲಿಲ್ಲ. ಸಾಹೇಬ ಬೇಡವೆಂದು ತಲೆಯಾಡಿಸಿ ಶಾಲಿನಿಯ ಕಡೆ ತಿರುಗಿದ. ಈಗ ಅವನ ದನಿಯೂ ತಗ್ಗಿತ್ತು. "ನೋಡದೆ ಕೊಟ್ಟದ್ದಂತೂ ಆಯ್ತಲ್ಲಮ್ಮಾ. ನೋಡಿದೆ ಅಂತ ಬೇರೆ ಹೇಳಿಬಿಟ್ರಿ, ಇಷ್ಟು ಜನರ ಮುಂದೆ. ನಾನು ಬರೀಲೇಬೇಕು. ಟ್ರಿಪ್ಪು ಮುಗಿಸಿ ಡಿಪೋಗೆ ಬನ್ನಿ." ಬರೆದು, ಹರಿದು, ಕೈಗೆ ಕೊಟ್ಟು ಇಳಿದುಹೋದ.

ಬಸ್ಸು ಹೊರಟಿತು. ಮರಿಯಯ್ಯನಿಗೆ ಯಾರೋ ಸೀಟು ಬಿಟ್ಟುಕೊಟ್ಟರು, ಸತ್ತವರ ಮನೆಯವರಿಗೆ ಜಾಗ ಬಿಡುವ ಹಾಗೆ. ಕೂತ. ಶಾಲಿನಿ ಬರಲಿಲ್ಲ. ಹತ್ತಿದವರಿಗೆ ಟಿಕೆಟ್ ಕೊಟ್ಟಳು, ಚಿಲ್ಲರೆ ಕೊಟ್ಟಳು, ಸ್ಟಾಪಿನ ಹೆಸರು ಕೂಗಿದಳು. ದನಿ ಒಂದೊಂದು ಸಲ ಒಡೆಯುತ್ತಿತ್ತು. ಊರು ಹತ್ತಿರವಾಗಿ ಜನ ಕಡಿಮೆಯಾದ ಮೇಲೆ ಅವನ ಎದುರು ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡ. ಬೈಯಲಿ ಎಂದೂ ಕಾದ.

"ಯಾವತ್ತು ಹೋದ್ರು?"

"ದೀಪಾವಳಿ ಆಗಿ ನಾಕನೇ ದಿನ."

"ನಂಗೆ ಒಂದ್ ಮಾತು ಏಳಕ್ಕೆ ಏನಾಗಿತ್ತು ನಿಮ್ಗೆ? ನಾನು ಮುಖ ನೋಡಕ್ ಬತ್ತಿದ್ದೆ. ನಂಗೇನೂ ಆಗ್ಬೇಕಿರ್ಲಿಲ್ವಾ ಅವರು?" ಕಣ್ಣೀರು ಕೆನ್ನೆಗಿಳಿದರೂ ಅವಳು ಒರೆಸಿಕೊಳ್ಳಲಿಲ್ಲ. "ವಾರವಾರ ಅಮ್ಮ ಕೇಳುದ್ಲು, ಅಮ್ಮ ಏಳುದ್ಲು ಅಂತಿದ್ರಲ್ಲ. ನಾನ್ ಮನೇಗೋಗಿ ನನ್ ಮಗ್ಳಿಗೆ ಏಳ್ತಿದ್ದೆ, ಅಜ್ಜಿ ನಿನ್ನ ಕೇಳುದ್ರು ಕಣೆ ಅಂತ. ಅದೆಲ್ಲ ಯಾರು ಏಳಿದ್ದು?"

"ನಾನೇ."

"ಈ ಹೂವ?"

"ನಾನೇ ಕಟ್ಟಿದ್ದು ಕಣವ್ವ."

ಶಾಲಿನಿಯ ಕೈ ಜಡೆಯ ತನಕ ಹೋಗಿ ಹಾಗೇ ನಿಂತು, ಕೆಳಗಿಳಿಯಿತು. ಕಿತ್ತು ಬಿಸಾಡುವುದಕ್ಕೂ ಆಗಲಿಲ್ಲ, ಇಟ್ಟುಕೊಳ್ಳುವುದಕ್ಕೂ ಆಗಲಿಲ್ಲ. ಅವಳಿಗೆ ಈಗ ಎರಡು ದುಃಖ ಒಟ್ಟಿಗೆ ಬಂದಿದ್ದವು, ಸತ್ತವಳದು, ಕೆಲಸದ್ದು. ಎರಡನ್ನೂ ತಂದು ಕೊಟ್ಟವನು ತಾನು. ತನ್ನ ಜಯಮ್ಮನನ್ನು ಉಳಿಸಿಕೊಳ್ಳಲು ಹೋಗಿ ಈ ಹುಡುಗಿಗೆ ಅಳುವ ದಿನವನ್ನೂ ಇಲ್ಲದ ಹಾಗೆ ಮಾಡಿದ್ದ. ಸೊನ್ನೆ ರೂಪಾಯಿಯದು, ಯಾರಿಗೇನು ನಷ್ಟ ಎಂದುಕೊಂಡಿದ್ದ ಲೆಕ್ಕ ಎಲ್ಲಿ ತಪ್ಪಿತೆಂದು ಈಗ ಕಾಣುತ್ತಿತ್ತು. ಬಿಟ್ಟಿಯಾದದ್ದನ್ನು ಅವನು ಯಾವತ್ತೂ ಸರಿಯಾಗಿ ತೂಗಿದವನೇ ಅಲ್ಲ.

ಮಂಡ್ಯ ಬಂತು. ಹೆಂಗಸರು ಮುಂದಿನ ಬಾಗಿಲಿಗೆ ನುಗ್ಗಿದರು. ಮರಿಯಯ್ಯ ಎದ್ದು ಹಿಂದಿನ ಬಾಗಿಲ ಹತ್ತಿರ ಬಂದ. ಶಾಲಿನಿ ಮೆಟ್ಟಿಲ ಪಕ್ಕದಲ್ಲಿ ಮೆಮೋ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಏನಾದರೂ ಹೇಳದೆ ಇಳಿಯುವುದು ಹೇಗೆ? "ಜಯಮ್ಮ ಏಳಿದ್ಲು" ಎಂದು ನಾಲಿಗೆ ತುದಿಗೆ ಬಂತು, ಅಭ್ಯಾಸ. ಹೆದರ್ಕೋಬೇಡ, ಕೆಲ್ಸ ಓಗಲ್ಲ, ಮಗೀನ ನೋಡ್ಕೋ ಎಂದು ಜಯಮ್ಮನಾದರೆ ಹೇಳುತ್ತಿದ್ದಳು, ಇವಳ ಕೈ ಹಿಡಿದುಕೊಂಡು ಹೇಳುತ್ತಿದ್ದಳು. ಅವಳ ಹೆಸರು ಹಿಡಿದುಕೊಂಡು ದಾಟಿದ್ದೆಲ್ಲ ಈಗ ಮುಗಿದಿತ್ತು. ತನ್ನ ಬಾಯಲ್ಲಿ, ತನ್ನದೇ ಎಂದು ಹೇಳಲು ಏನಿದೆ ಎಂದು ತಡಕಿದ.

"ತೆಪ್ಪಾಯ್ತು ಕಣವ್ವ" ಎಂದ.

ಹೇಳಿದ ಮೇಲೆ ಅವನೇ ಬೆಚ್ಚಿದ. ಈ ಮಾತನ್ನು ಅವನು ಯಾರಿಗೂ ಹೇಳಿದವನಲ್ಲ. ಉದ್ದ ಸೀಟಿನಲ್ಲಿ ಮಲಗಿ ತಲೆಯಾಡಿಸಿದವಳಿಗೂ ಹೇಳಿರಲಿಲ್ಲ. ಎಷ್ಟು ಸಣ್ಣ ಮಾತು, ಹೇಳಲು ಒಂದು ಉಸಿರೂ ಬೇಡ, ಒಂದು ಪೈಸೆ ಖರ್ಚಿಲ್ಲ. ಅವಳು ಕೇಳಿಸಿಕೊಳ್ಳುವಷ್ಟು ಹತ್ತಿರ ಅಷ್ಟು ವರ್ಷ ಇದ್ದಳು.

ಶಾಲಿನಿ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಹಿಂದಿನಿಂದ ಯಾರೋ ಮರಿಯಯ್ಯನ ಹೆಗಲು ನೂಕಿದರು.

"ಇಳೀರಿ ಯಜಮಾನ್ರೇ" ಎಂದಳು, "ಹಿಂದೆ ಜನ ಅವ್ರೆ."